ದ್ಯಾಮವ್ವ ಮತ್ತು ಒಡೆಯರಿಲ್ಲದ ಏಳು ನಾಯಿಗಳು

ದ್ಯಾಮವ್ವ ತನ್ನ ಕುರಿಗಳನ್ನು ಎಣಿಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಸಂಜೆ ಕುರಿಗಳೆಲ್ಲ ಹಟ್ಟಿಗೆ ಬಂದು ಮುಳ್ಳುಬೇಲಿಯೊಳಗೆ ಸೇರಿಕೊಳ್ಳುತ್ತಿದ್ದವು. ಮರಿಗಳು ತಾಯಂದಿರನ್ನು ಹುಡುಕಿ ಕೂಗಾಡಿ ಸುಮ್ಮನಾಗುವ ಹೊತ್ತಿಗೆ ಅವಳು ಮೂರು ಕಲ್ಲಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿರುತ್ತಿದ್ದಳು. ನಡುನಡುವೆ ತಲೆ ಎತ್ತಿ ನೋಡುತ್ತಿದ್ದಳು. ಕುರಿಗಳ ಕಡೆಗಲ್ಲ, ನಾಯಿಗಳ ಕಡೆಗೆ. ಹಟ್ಟಿಯ ನಾಲ್ಕು ಮೂಲೆಗೆ ನಾಲ್ಕು ನಾಯಿ. ಅವು ಮುಂಗಾಲು ಚಾಚಿ ಮಲಗಿದವೆಂದರೆ ಕುರಿ ಎಲ್ಲ ಬಂದಿವೆ. ಒಂದೇ ಒಂದು ಹಿಂದೆ ಉಳಿದಿದ್ದರೂ ಯಾವುದಾದರೊಂದು ನಾಯಿ ನಿಂತೇ ಇರುತ್ತಿತ್ತು. ಅದು ಮುಖ ಮಾಡಿದ ದಿಕ್ಕು ನೋಡಿ ಅವಳು ಮಗನನ್ನು ಕೂಗುತ್ತಿದ್ದಳು: "ಮಾಳ್ಯಾ, ಹಳ್ಳದ ಕಡಿ ಒಂದು ಉಳದೈತಿ ನೋಡಲೇ!" ಮಾಳಪ್ಪ ಗೊಣಗುತ್ತ ಹೋಗಿ, ಕುಂಟುವ ಕುರಿಯನ್ನೋ ಆಗಷ್ಟೇ ಈದ ತಾಯಿಯನ್ನೋ ಕರೆದುಕೊಂಡು ಬರುತ್ತಿದ್ದ.

"ನೀ ಎಣಿಸೂದಽ ಇಲ್ಲೇನಬೇ?" ಎಂದು ಒಮ್ಮೆ ಕೇಳಿದ್ದೆ.

"ನನಗ ನೂರರ ಮ್ಯಾಲ ಬರಂಗಿಲ್ರಿ ಡಾಕ್ಟರಪ್ಪಾ. ಅವಕ್ಕ ಬರ್ತೈತಿ," ಎಂದು ನಾಯಿಗಳ ಕಡೆ ಕೈ ಮಾಡಿದಳು.

ಎಣಿಸುವವನು ನಾನಾಗಿದ್ದೆ. ಎಣಿಸಿ ಬರೆದುಕೊಳ್ಳಲಿಕ್ಕೂ ಸೇರಿಸಿಯೇ ಸರಕಾರ ನನಗೆ ಸಂಬಳ ಕೊಡುತ್ತಿತ್ತು. ಅವಳನ್ನು ನೆನೆದಾಗಲೆಲ್ಲ ಈ ಮಾತಿನಿಂದಲೇ ಶುರುವಾಗುತ್ತದೆ, ಮತ್ತು ಅಲ್ಲಿಂದ ಮುಂದಕ್ಕೆ ನನಗೆ ತಲೆ ಎತ್ತಲಿಕ್ಕೆ ಆಗುವುದಿಲ್ಲ.

ಎಂಬತ್ತರ ದಶಕದ ಆರಂಭ. ನನಗೆ ಇಪ್ಪತ್ತಾರು ವರ್ಷ. ಶಲವಡಿಗೂ ಅಣ್ಣಿಗೇರಿಗೂ ನಡುವಿನ ಒಂದು ಊರಿನ ದನದ ದವಾಖಾನೆಯಲ್ಲಿ ನಾನು ಸ್ಟಾಕ್‌ಮನ್. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಇನ್ನೂ ಇದ್ದಾರೆ, ಅವರ ತಲೆಗೆ ನನ್ನ ಪಾಪ ಕಟ್ಟುವ ಮನಸ್ಸಿಲ್ಲ. ಸ್ಟಾಕ್‌ಮನ್ ಎಂದರೆ ಡಾಕ್ಟರಲ್ಲ, ಡಾಕ್ಟರರ ಕೈಕೆಳಗಿನವ. ಆದರೆ ಜನರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ನಾನೂ ಯಾರನ್ನೂ ತಿದ್ದಲಿಲ್ಲ. ಬಿಳಿ ಅಂಗಿ, ಮಿಂಚುವ ಬೂಟು, ಹೊಸ ಸೈಕಲ್ಲು, ಕಿಸೆಯಲ್ಲಿ ಎರಡು ಪೆನ್ನು. ಒಂದು ಸಾಕಾಗುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಎರೆಹೊಲಗಳಲ್ಲಿ ಕುರಿ ನಿಲ್ಲಿಸುವುದು ಆ ಕಡೆಯ ರೂಢಿ. ಹೊಲದವರು ಕುರುಬರನ್ನು ಕರೆಸಿ ನಾಲ್ಕೈದು ರಾತ್ರಿ ಹಿಂಡು ಕೂಡಿಸಿಕೊಳ್ಳುತ್ತಾರೆ, ನೆಲಕ್ಕೆ ಗೊಬ್ಬರವಾಗುತ್ತದೆ. ದ್ಯಾಮವ್ವನ ಹಿಂಡು ಹೀಗೆ ಹೊಲದಿಂದ ಹೊಲಕ್ಕೆ ಸಾಗುತ್ತಿತ್ತು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಗ ಮಾಳಪ್ಪ, ಮದುವೆಗೆ ಬಂದ ಮಗಳು ಮಾಯವ್ವ, ಇನ್ನೂರು ಚಿಲ್ಲರೆ ಕುರಿ, ಎರಡು ಕತ್ತೆ, ಮತ್ತೆ ಆ ನಾಯಿಗಳು.

ಕುರಿಗಳಿಗೆ ಕಾಲುಬೇನೆ ಬಂದಿದೆಯೆಂದು ಮಾಳಪ್ಪ ಕರೆದದ್ದರಿಂದ ಮೊದಲ ಸಲ ಅವರ ಹಟ್ಟಿಗೆ ಹೋದೆ. ಬೇಲಿಯ ಹತ್ತಿರ ಸೈಕಲ್ ನಿಲ್ಲಿಸಿ, ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟಿದ್ದೆ. ಎಲ್ಲಿಂದ ಬಂತೋ ತಿಳಿಯಲಿಲ್ಲ, ಸದ್ದಿಲ್ಲದೆ ಬಂದ ಒಂದು ನಾಯಿ ನನ್ನ ಬಲ ಮಣಿಕಟ್ಟನ್ನು ಬಾಯೊಳಗೆ ಹಿಡಿದು ನಿಂತಿತು. ಕಚ್ಚಲಿಲ್ಲ, ಗುರ್ ಅನ್ನಲಿಲ್ಲ, ಸುಮ್ಮನೆ ಹಿಡಿದುಕೊಂಡಿತು. ಕೈ ಎಳೆದರೆ ಹಲ್ಲು ಸ್ವಲ್ಪ ಬಿಗಿಯಾಗುತ್ತಿತ್ತು, ಬಿಟ್ಟರೆ ಸಡಿಲಾಗುತ್ತಿತ್ತು. ನನ್ನ ಬಾಯಿಂದ ಯಾವ ದೇವರ ಹೆಸರು ಬಂತೋ ನೆನಪಿಲ್ಲ, ಮಾಯವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನೆನಪಿದೆ.

ದ್ಯಾಮವ್ವ ಅವಸರ ಮಾಡಲಿಲ್ಲ. ಐವತ್ತು ದಾಟಿದ ಹೆಂಗಸು. ತೆಳ್ಳಗೆ, ಎತ್ತರಕ್ಕೆ, ಹಣೆತುಂಬ ಅರಿಷಿಣದ ಭಂಡಾರ. ಒಂದು ಕುರಿಯ ಕೆಚ್ಚಲಿಗೆ ಕೈ ಹಾಕಿ ನಾಲ್ಕು ಹನಿ ಹಾಲು ಅಂಗೈಗೆ ಹಿಂಡಿಕೊಂಡು ಬಂದು, ನನ್ನ ಎರಡೂ ಕೈಗೆ ಸವರಿದಳು. ನಾಯಿ ಮೂಸಿತು, ನನ್ನ ಮಣಿಕಟ್ಟು ಬಿಟ್ಟಿತು. ಆಮೇಲೆ ಉಳಿದ ಮೂರನ್ನೂ ಒಂದೊಂದಾಗಿ ಕರೆದು ನನ್ನ ಕೈ ಮೂಸಿಸಿದಳು.

"ಇನ್ನ ನೀವು ಯಾವಾಗ ಬೇಕಾದ್ರೂ ಬರಬಹುದ್ರಿ. ಹಾಲಿನ ಗುರ್ತ ಆತು. ಅವಕ್ಕ ಕುರಿ ಹಾಲ ವಾಸನಿ ಬಂದ್ರ ಮನಿಯವರು. ಇಲ್ಲಂದ್ರ ಬ್ರಹ್ಮ ಬಂದು ಬೆಲ್ಲ ಕೊಟ್ರೂ ಮುಟ್ಟಂಗಿಲ್ಲ."

ಈ ಮಾತನ್ನು ನಾನು ಮರೆತಿದ್ದರೆ ಎಷ್ಟು ಚೆನ್ನಾಗಿತ್ತು.

ಆ ನಾಯಿಗಳನ್ನು ಅವರು ಕಂಬಳಿ ನಾಯಿ ಎನ್ನುತ್ತಿದ್ದರು. ಈಚೆಗೆ ದೇಶಿ ತಳಿಗಳ ಬಗ್ಗೆ ಆಸಕ್ತಿ ಇರುವ ಕೆಲವರು, ಯಾರೋ ನನ್ನ ಹೆಸರು ಹೇಳಿದ್ದಾರೆಂದು ಫೋನ್ ಮಾಡುತ್ತಾರೆ. ಲಕ್ಷಣ ಹೇಳಿ ಎನ್ನುತ್ತಾರೆ, ಫೋಟೋ ಇದೆಯೇ ಎನ್ನುತ್ತಾರೆ. ಫೋಟೋ ಇಲ್ಲ. ಲಕ್ಷಣ ಹೇಳುತ್ತೇನೆ. ಬೂದಿಗೂ ಕಪ್ಪಿಗೂ ನಡುವಿನ ಬಣ್ಣ, ಒರಟು ಉದ್ದ ಕೂದಲು. ಹಾಸಿದ ಕಂಬಳಿಯ ಮೇಲೆ ಮಲಗಿದರೆ ಯಾವುದು ಕಂಬಳಿ ಯಾವುದು ನಾಯಿ ತಿಳಿಯುತ್ತಿರಲಿಲ್ಲ. ಜೋತುಬಿದ್ದ ಕಿವಿ. ಹಿಂಗಾಲಿನ ಒಳಮಗ್ಗುಲಿಗೆ ಎರಡೆರಡು ಹೆಚ್ಚಿನ ಉಗುರು. ಅದಿಲ್ಲದ ಮರಿಯನ್ನು ಆ ಜಾತಿಗೆ ಸೇರಿಸುತ್ತಿರಲಿಲ್ಲ. ಮನುಷ್ಯರಿಗೆ ಬೊಗಳುವುದಿಲ್ಲ, ತೋಳಕ್ಕೆ ಮಾತ್ರ. "ಬೊಗಳೂದು ಊರ ನಾಯಿ ಕೆಲಸ್ರಿ. ನಮ್ಮವು ನೋಡ್ತಾವ," ಎನ್ನುತ್ತಿದ್ದಳು ದ್ಯಾಮವ್ವ. ಕೊರಳಿಗೆ ಹಗ್ಗವಿಲ್ಲ, ಊರ ಓಣಿಗೆ ಕಾಲಿಡುವುದಿಲ್ಲ, ಕುರಿ ಬಿಟ್ಟು ನೂರು ಮಾರು ಆಚೆ ಹೋಗುವುದಿಲ್ಲ.

ಅವನ್ನು ಬೆಳೆಸುವ ರೀತಿಯೇ ಬೇರೆ. ನಾಯಿ ಈದು ಕುನ್ನಿಗಳು ಕಣ್ಣು ಬಿಡುವ ಮೊದಲೇ, ಮರಿ ಸತ್ತ ಒಂದು ಕುರಿಯನ್ನು ಹುಡುಕಿ, ಸತ್ತ ಮರಿಯ ಉಣ್ಣೆಯಲ್ಲಿ ಕುನ್ನಿಯನ್ನು ಉಜ್ಜಿ ಸುತ್ತಿ ಆ ಕುರಿಯ ಕೆಚ್ಚಲಿಗೆ ಹಿಡಿಯುತ್ತಿದ್ದಳು. ಕುರಿ ಮೊದಲು ಒದೆಯುತ್ತಿತ್ತು. ದ್ಯಾಮವ್ವ ಅದರ ಕಿವಿಯಲ್ಲಿ ಏನೋ ಗುನುಗುತ್ತ ಗಂಟೆಗಟ್ಟಲೆ ಕೂಡುತ್ತಿದ್ದಳು. ಎರಡು ಮೂರು ದಿನಕ್ಕೆ ಕುರಿ ಒಪ್ಪಿಕೊಳ್ಳುತ್ತಿತ್ತು. ಕುನ್ನಿ ಕಣ್ಣು ಬಿಟ್ಟಾಗ ಮೊದಲು ಕಾಣುವುದು ಕುರಿಯ ಮುಖ. ಕುರಿಮರಿಗಳ ಜೊತೆ ಮಲಗಿ, ಅವುಗಳ ಜೊತೆ ಜಿಗಿದು, ತಾನೂ ಒಂದು ಕುರಿಯೇ ಎಂದು ನಂಬಿಕೊಂಡು ಬೆಳೆಯುತ್ತಿತ್ತು. ಒಂದು ಕುನ್ನಿ ಹುಲ್ಲು ತಿನ್ನಲು ಹೋಗಿ ಕೆಮ್ಮಿದ್ದನ್ನು ನಾನೇ ನೋಡಿದ್ದೇನೆ.

ಈ ನಾಯಿಯನ್ನು ಮಾರುವಂತಿಲ್ಲ, ಯಾರಿಗೂ ದಾನ ಕೊಡುವಂತಿಲ್ಲ. ಒಂದೇ ದಾರಿ: ಮನೆಯ ಮಗಳು ಮದುವೆಯಾಗಿ ಇನ್ನೊಂದು ಹಟ್ಟಿಗೆ ಹೋಗುವಾಗ ಉಡಿ ತುಂಬುತ್ತಾರಲ್ಲ, ಆಗ ಅಕ್ಕಿ, ಕೊಬ್ಬರಿ, ಅರಿಷಿಣ ಬೇರಿನ ಜೊತೆ ಒಂದು ಹೆಣ್ಣು ಕುನ್ನಿಯನ್ನು ಉಡಿಯಲ್ಲಿ ಹಾಕಿ ಕಳಿಸಬೇಕು. ದ್ಯಾಮವ್ವನ ಉಡಿಯಲ್ಲಿ ಬಂದದ್ದು ಕೆಂಚಿ. ಅವಳ ತಾಯಿಯ ಉಡಿಯಲ್ಲಿ ಬಂದದ್ದು ಸಣ್ಣಿ. ಹೀಗೆ ಹಿಂದಕ್ಕೆ ಹನ್ನೊಂದು ಹೆಸರು ಅವಳ ಬಾಯಲ್ಲಿತ್ತು. ಕೊನೆಯ ಹೆಸರಿನ ನಾಯಿ ಕೃಷ್ಣಾ ಹೊಳೆ ದಾಟಿ ಬಂದದ್ದಂತೆ. ತನ್ನ ಮುತ್ತಜ್ಜಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ, ಮುತ್ತಜ್ಜಿಯ ನಾಯಿಯ ಹೆಸರು ಗೊತ್ತಿತ್ತು.

ನವಲಗುಂದದ ಕಡೆ ಒಬ್ಬ ಬಿಳಿ ಸಾಹೇಬ ಅವಳ ಮುತ್ಯಾನಿಂದ ಒಂದು ಜೋಡಿಯನ್ನು ಜುಲುಮೆ ಮಾಡಿ ಒಯ್ದ ಕಥೆಯನ್ನು ಅವಳು ಪ್ರತಿ ಸಲವೂ ನಗುತ್ತಲೇ ಹೇಳುತ್ತಿದ್ದಳು. "ಚಿಗರಿ ಬ್ಯಾಟಿಗೆ ಕರಕೊಂಡು ಹ್ವಾದ್ನಂತ್ರಿ. ಬಿಟ್ಟನಂತ ಚಿಗರಿ ಹಿಂಡಿನ ಮ್ಯಾಲೆ. ಇವು ಓಡಿ ಹೋಗಿ ಏನ ಮಾಡಿದ್ವು? ಒಂದು ಆ ಬಾಜು, ಒಂದು ಈ ಬಾಜು ಕುಂತು ಚಿಗರಿ ಕಾಯಾಕ ಹತ್ತಿದ್ವಂತ! ಸಾಹೇಬ ಬಂದೂಕ ತಗೊಂಡು ಬಾಜುಕ ಬಂದ್ರ ಅವನ ಕೈಯಽ ಹಿಡಕೊಂಡ್ವಂತ. ಮರುದಿನ ತಾನಽ ಬಂದು ಬಿಟ್ಟು ಹ್ವಾದ."

ನಾನೂ ನಗುತ್ತಿದ್ದೆ. ದವಾಖಾನೆಯಲ್ಲಿ ಕೆಲಸ ಕಡಿಮೆ ಇದ್ದ ದಿನ ಸುಮ್ಮನೆ ಸೈಕಲ್ ಹತ್ತಿ ಹಟ್ಟಿಗೆ ಹೋಗುವುದು ಅಭ್ಯಾಸವಾಯಿತು. ಕುರಿ ಹಾಲಿನ ಗಟ್ಟಿ ಚಹಾ ಮಾಡಿಕೊಡುತ್ತಿದ್ದಳು. ನನ್ನ ಬೂಟಿನ ಬಗ್ಗೆ ಅವಳಿಗೆ ತುಂಬ ಚೇಷ್ಟೆ. "ನಿಮಗ ಕನ್ಯಾ ಕೊಡಾಕ ಬಂದವ್ರು ಮಾರಿ ನೋಡಂಗಿಲ್ಲ ಬಿಡ್ರಿ, ಬೂಟ ನೋಡೇ ಒಪ್ಕೋತಾರ." ನಾಯಿಗಳ ವಿಷಯ ನಾನು ಕೇಳಿದಷ್ಟೂ ಹೇಳುತ್ತಿದ್ದಳು. ಓದಿದವನೊಬ್ಬ ತನ್ನ ನಾಯಿಗಳ ಬಗ್ಗೆ ಕಿವಿಗೊಟ್ಟು ಕೇಳುತ್ತಾನೆಂಬ ಹೆಮ್ಮೆ ಅವಳಿಗೆ. ಊರೊಳಗೆ ಹೋಗಿ ಅದನ್ನೇ ನಾನು ಕಂಡುಹಿಡಿದವನ ಹಾಗೆ ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ಜಾನುವಾರು ಗಣತಿ ಬಂತು. ಐದು ವರ್ಷಕ್ಕೊಮ್ಮೆ ಬರುವ ಕೆಲಸ. ದನ, ಎಮ್ಮೆ, ಕುರಿ, ಕೋಳಿ ಎಲ್ಲ ಬರೆದ ಮೇಲೆ ಕೊನೆಗೆ ನಾಯಿ. ಅದರಲ್ಲಿ ಎರಡು ಕಾಲಂ: ಒಡೆಯರಿರುವ ನಾಯಿ, ಒಡೆಯರಿಲ್ಲದ ನಾಯಿ. ಬಾಜುವಿಗೆ ಜಾತಿ. ಬೆಳಿಗ್ಗೆ ಊರಿನ ದೊಡ್ಡ ವಾಡೆಯೊಂದಕ್ಕೆ ಹೋಗಿದ್ದೆ. ಅಲ್ಲಿ ಸರಪಳಿ ಕಟ್ಟಿದ ಅಲ್ಸೇಶಿಯನ್ ಒಂದಿತ್ತು. ತನ್ನ ನೆರಳಿಗೂ ಬೊಗಳುತ್ತಿತ್ತು. ಅದರ ಜಾತಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಕೊಟ್ಟ ಉಪ್ಪಿಟ್ಟು ತಿಂದು, ಮಧ್ಯಾಹ್ನದ ಬಿಸಿಲಲ್ಲಿ ಹಟ್ಟಿಗೆ ಬಂದೆ. ಅಂದಿಗೆ ಮುಗಿಸಿ ಲೆಕ್ಕ ಒಪ್ಪಿಸಬೇಕಿತ್ತು.

"ನಾಯಿ ಎಷ್ಟದಾವಬೇ?"

"ಏಳ್ರಿ. ದೊಡ್ಡವು ನಾಕು, ಬೆಳಿಯೋವು ಮೂರು."

"ನಿನ್ನವಽ ಹೌದಿಲ್ಲೋ?"

"ಅಯ್ಯ, ನನ್ನವ್ಯಾಕ ಆಗ್ತಾವ್ರಿ? ಕುರಿಗೋಳ್ವು. ಕುರಿ ಹಾಲ ಕುಡದು ದೊಡ್ಡವಾದ್ವು, ಕುರಿಯೇ ಅವ್ವ. ನಾ ಯಾರು ನಡುವ?"

"ಹಂಗಲ್ಲಬೇ. ಇಲ್ಲಿ ಒಡೆಯರ ಹೆಸರು ಬರೀಬೇಕು. ನಿನ್ನ ಹೆಸರು ಬರೀಲೇನು?"

ಅವಳು ಗಲ್ಲಕ್ಕೆ ಬೆರಳಿಟ್ಟಳು. "ಬ್ಯಾಡ ಬ್ಯಾಡ್ರಿ, ಸುಳ್ಳ ಬರಸಬ್ಯಾಡ್ರಿ. ನಂದು ಅಂದ್ರ ಮುಂದ ಮಾರಾಕೂ ಮನಸಾಗ್ತೈತಿ. ನಮ್ಮತ್ತಿ ಹೇಳಿದ್ಲು, ಈ ನಾಯಿಗೆ ಒಡ್ಯಾ ಅನ್ನಾಂವ ಇರಬಾರ್ದು ಅಂತ."

ಕುರಿಗಳ ಹೆಸರನ್ನು ಒಡೆಯರ ಜಾಗದಲ್ಲಿ ಬರೆಯುವಂತಿಲ್ಲ. ಬಿಸಿಲಿಗೆ ತಲೆ ಕಾದಿತ್ತು. ನನಗೆ ನಗುವೂ ಬಂತು. ದವಾಖಾನೆಯಲ್ಲಿ ಹೇಳಿ ನಗಿಸಲಿಕ್ಕೆ ಒಂದು ಮಾತಾಯಿತೆಂದುಕೊಂಡು, ಒಡೆಯರಿಲ್ಲದ ನಾಯಿ ಎಂಬ ಕಾಲಂನಲ್ಲಿ ಏಳು ಎಂದು ಬರೆದೆ. ಜಾತಿಯ ಕಡೆ ಕಂತ್ರಿ ಎಂದು ಬರೆದೆ. ಹನ್ನೊಂದು ತಲೆಮಾರಿನ ಹೆಸರು ಕೇಳಿಸಿಕೊಂಡು ಅವಳ ಚಹಾ ಕುಡಿದ ನಾನೇ ಬರೆದೆ. ಅವಳು ನನ್ನ ಪೆನ್ನು ಓಡುವುದನ್ನು ನೋಡಿ, "ಎಷ್ಟ ಬರೀತೀರಪ್ಪ, ಕೈ ನೋಯಂಗಿಲ್ಲೇನ್ರಿ?" ಎಂದಳು.

ಬೇಸಿಗೆಯ ಮೊದಲಲ್ಲಿ ಹಿಂಡು ಎಂದಿನಂತೆ ದುಮ್ಮವಾಡದ ಕಡೆ ಹೋಯಿತು. ಅಲ್ಲಿ ಗದ್ದೆ ಕೊಯ್ಲಾಗಿ ಮೇವು ಸಿಗುತ್ತದೆ. ಹೋಗುವ ಮುಂಚೆ ದ್ಯಾಮವ್ವ ನನಗೆ ಒಂದು ಸುದ್ದಿ ಹೇಳಿದ್ದಳು. ಮಾಯವ್ವನಿಗೆ ಕುಬಿಹಾಳದ ಕಡೆಯ ಒಂದು ಹಟ್ಟಿಯಲ್ಲಿ ಗಂಡು ಗೊತ್ತಾಗಿತ್ತು. ಬೂದಿ ಎಂಬ ಹೆಣ್ಣುನಾಯಿ ಮದುವೆಯ ಹೊತ್ತಿಗೆ ಈಯುವ ಹಾಗಿತ್ತು. "ಉಡಿಯಾಗ ಹಾಕಾಕ ಅಗದಿ ಸರಿಯಾಗಿ ಕುನ್ನಿ ಆಗ್ತಾವ ನೋಡ್ರಿ. ನಮ್ಮ ಮಾಯಿ ಪುಣ್ಯೇವು." ಅವಳು ಮಗಳ ಮದುವೆಗಿಂತ ಆ ಕುನ್ನಿಯ ವಿಷಯ ಹೆಚ್ಚು ಮಾತಾಡಿದಳು.

ಬಿಸಿಲು ಏರಿದ ಮೇಲೆ ಊರಲ್ಲಿ ಹುಚ್ಚುನಾಯಿಯ ಹಾವಳಿ ಎದ್ದಿತು. ಒಂದು ಕೂಸು ಸತ್ತಿತು. ಅದರ ತಾಯಿ ಪಂಚಾಯ್ತಿಯ ಮುಂದೆ ನೆಲಕ್ಕೆ ಹಣೆ ಬಡಿದುಕೊಂಡದ್ದನ್ನು ನಾನೂ ಕಂಡೆ. ಪಂಚಾಯ್ತಿಯವರನ್ನು ದೂರುವ ಬಾಯಿ ನನಗಿಲ್ಲ. ಒಡೆಯರಿಲ್ಲದ ನಾಯಿಗಳಿಗೆಲ್ಲ ವಿಷದ ಉಂಡಿ ಹಾಕುವುದೆಂದು ತೀರ್ಮಾನವಾಯಿತು. ಎಲ್ಲೆಲ್ಲಿ ಎಷ್ಟಿವೆ ಎಂದು ದವಾಖಾನೆಯಿಂದ ಪಟ್ಟಿ ಕೇಳಿದರು. ದೊಡ್ಡ ಡಾಕ್ಟರರು ನನ್ನ ಗಣತಿಯ ವಹಿ ತೆಗೆಸಿ, "ಇದರಂತೆ ಬರೆದು ಕೊಡಪಾ," ಎಂದರು. ಓಣಿ ಓಣಿಯ ಲೆಕ್ಕ ಬರೆಯುತ್ತ ಬಂದೆ. ಕೊನೆಗೆ ಕುರಿಹಟ್ಟಿ, ಏಳು.

ಪೆನ್ನು ನಿಂತಿತು. ಇದು ತಪ್ಪು ಎನ್ನಲು ಬಾಯಿ ತೆರೆದೆ. ಆದರೆ ಗಣತಿಯ ಹಾಳೆಗೆ ದೊಡ್ಡ ಡಾಕ್ಟರರ ಸಹಿ ಬಿದ್ದಿತ್ತು. ತಪ್ಪೆಂದರೆ ಯಾಕೆ ತಪ್ಪು ಬರೆದೆ ಎಂದು ಕೇಳುತ್ತಾರೆ. ಗಣತಿಯನ್ನು ಚೇಷ್ಟೆ ಮಾಡಿದೆಯಾ ಎನ್ನುತ್ತಾರೆ. ಹೇಗೂ ಹಿಂಡು ದುಮ್ಮವಾಡದಲ್ಲಿದೆ, ಮಳೆ ಬೀಳುವವರೆಗೆ ಬರುವುದಿಲ್ಲ. ಬಂದರೂ ಅವು ಹೊರಗಿನವರ ಕೈಯದು ಮುಟ್ಟುವುದಿಲ್ಲ. ಹೀಗೆ ಎರಡೆರಡು ಸಮಾಧಾನ ಹೇಳಿಕೊಂಡು ಏಳು ಎಂದು ಬರೆದು ಕೊಟ್ಟೆ. ನನಗೆ ಅಂಜಿಕೆಯಾಗಿತ್ತು, ಅಷ್ಟೇ. ಬೈಸಿಕೊಳ್ಳುವ ಅಂಜಿಕೆ.

ನಾಲ್ಕೈದು ದಿನದ ಮೇಲೆ ಚಹಾದಂಗಡಿಯಲ್ಲಿ ಕೂತಿದ್ದೆ. ದೊಡ್ಡ ಡಾಕ್ಟರರೂ ಇದ್ದರು, ಊರಿನ ನಾಲ್ಕು ಹಿರಿಯರೂ ಇದ್ದರು. ಪಂಚಾಯ್ತಿಯ ಆಳು ಹನಮಂತ ಬೆವರು ಒರೆಸಿಕೊಳ್ಳುತ್ತ ಬಂದು ಕೂತ.

"ಎಲ್ಲಾ ಮುಗೀತ್ರಿ. ಕುರಿಹಟ್ಟಿ ಏಳಽ ಉಳದಾವ. ಮೊನ್ನೆ ಬಂದಾರ ಅವರು, ಮಗಳ ಲಗ್ನ ಐತೆಂತ. ಎರಡು ಸಲ ಹೋಗಿ ಬಂದ್ನಿ. ಉಂಡಿ ಮೂಸೂದೂ ಇಲ್ರಿ ಅವು! ಬಾಡ ಹಾಕಿ ನೋಡಿದ್ನಿ, ಮುಟ್ಟವಲ್ವು. ಎಂಥಾ ನಾಯಿರಿ ಅವು?"

ಇಲ್ಲಿ ನಾನು ಏನು ಹೇಳಬೇಕಿತ್ತೆಂಬುದು ಯಾರಿಗಾದರೂ ತಿಳಿಯುತ್ತದೆ. ಆದರೆ ಎಂಥ ನಾಯಿ ಎಂದು ಅವನು ಕೇಳಿದನಲ್ಲ, ಎಲ್ಲರೂ ನನ್ನ ಕಡೆ ನೋಡಿದರಲ್ಲ. ಬಲ್ಲವನ ಗತ್ತು ನನ್ನ ತಲೆಗೇರಿತು. ಕಪ್ಪು ಕೆಳಗಿಟ್ಟು, ಕಾಲ ಮೇಲೆ ಕಾಲು ಹಾಕಿಕೊಂಡು, "ಅವು ಹಂಗೆಲ್ಲ ತಿನ್ನೂ ನಾಯಿ ಅಲ್ಲೋ ಹನಮಂತ. ಬಾಳ ಹಳೇ ಜಾತಿ ಅವು. ಕುರಿ ಹಾಲಿನ ವಾಸನಿ ಇಲ್ಲದ್ದು ಏನಂದ್ರೂ ಮುಟ್ಟಂಗಿಲ್ಲ," ಎಂದೆ. ಅಷ್ಟಕ್ಕೆ ನಿಲ್ಲಿಸದೆ ಕುನ್ನಿಯನ್ನು ಕುರಿಗೆ ಹಚ್ಚುವ ರೀತಿ ಹೇಳಿದೆ, ಬಿಳಿ ಸಾಹೇಬನ ಕಥೆ ಹೇಳಿದೆ. ಎಲ್ಲರೂ ನಕ್ಕರು. ದೊಡ್ಡ ಡಾಕ್ಟರರು, "ಭಾಳ ತಿಳಕೊಂಡಿಯಲ್ಲೋ," ಎಂದರು. ಹನಮಂತ ಮಾತ್ರ ನಗದೆ ಕೇಳಿಸಿಕೊಂಡು ಎದ್ದು ಹೋದ.

ಸೈಕಲ್ ತುಳಿಯುತ್ತ ಮನೆಗೆ ಬರುವಾಗ ಅವನು ನಗದೆ ಎದ್ದು ಹೋದದ್ದು ನೆನಪಾಯಿತು. ಹನಮಂತನ ಮನೆ ದಾರಿಯಲ್ಲೇ ಇತ್ತು. ಇಳಿದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಇಳಿಯಲಿಲ್ಲ. ಅವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮಾಳಪ್ಪ ಓಡುತ್ತ ದವಾಖಾನೆಗೆ ಬಂದ. "ಅವ್ವ ಕರದಾಳ್ರಿ," ಎಂದಷ್ಟೇ ಹೇಳಿದ.

ಮಾಳಪ್ಪ ಕುರಿ ಮೇಯಿಸಲು ಹೋಗಿದ್ದ; ದ್ಯಾಮವ್ವ, ಮಾಯವ್ವ ಕೆರೆಗೆ ನೀರಿಗೆ ಹೋಗಿದ್ದರು. ಹಟ್ಟಿಯಲ್ಲಿ ಎಳೆಮರಿಗಳಷ್ಟೇ; ಅವನ್ನು ಕಾಯುವವರಿಲ್ಲವೆಂದು ಅಂದು ನಾಯಿಗಳೆಲ್ಲ ಅಲ್ಲೇ ಉಳಿದಿದ್ದವು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ದೊಡ್ಡ ನಾಯಿಗಳು ನಾಲ್ಕೂ ತಮ್ಮ ತಮ್ಮ ಮೂಲೆಯಲ್ಲೇ ಬಿದ್ದಿದ್ದವು, ಮುಖ ಹೊರಗೆ ಮಾಡಿಕೊಂಡು. ಅಷ್ಟು ಸಂಕಟದಲ್ಲೂ ಒಂದೂ ಜಾಗ ಬಿಟ್ಟು ಹೋಗಿರಲಿಲ್ಲ. ಬೂದಿಯ ಹೊಟ್ಟೆ ಕುನ್ನಿಗಳಿಂದ ತುಂಬಿಕೊಂಡಿತ್ತು. ಬೆಳೆಯುವ ಮೂರರಲ್ಲಿ ಎರಡು ಸತ್ತಿದ್ದವು. ಇನ್ನೊಂದು, ಕರಿಯಾ ಎಂಬ ಗಂಡು, ಕಕ್ಕಿಕೊಂಡು ಒದ್ದಾಡುತ್ತಿತ್ತು. ಇದ್ದಿಲು ಅರೆದು ನೀರಲ್ಲಿ ಕುಡಿಸಿದೆ, ಗೊತ್ತಿದ್ದುದನ್ನೆಲ್ಲ ಮಾಡಿದೆ. ಅದು ಉಳಿಯಿತು. ದ್ಯಾಮವ್ವ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದಕ್ಕೆ ಸರಿದು ಮುಳ್ಳುಬೇಲಿಗೆ ತಾಗಿದೆ.

ಅವಳು ಅಳಲಿಲ್ಲ. ಬೂದಿಯ ಬಾಯಿಗೆ ಅಂಟಿದ್ದ ಹಿಟ್ಟನ್ನು ಬೆರಳಿಂದ ತೆಗೆಯುತ್ತ, "ಡಾಕ್ಟರಪ್ಪಾ, ಇವು ಯಾರ ಕೈಯಾಗಿಂದೂ ತಿನ್ನಂಗಿಲ್ಲ. ನಿಮಗೂ ಗೊತ್ತೈತಿ. ಹೆಂಗ ತಿಂದುವು?" ಎಂದಳು.

ಊರೊಳಗೆ ಮೂರು ಕುರಿ ಸಾಕಿದವರೊಬ್ಬರ ಮನೆಯಿಂದ ಹನಮಂತ ಬೆಳಿಗ್ಗೆ ಒಂದು ತಂಬಿಗೆ ಹಾಲು ಕೇಳಿ ತಂದಿದ್ದನೆಂದು ಆಮೇಲೆ ಕೇಳಿದೆ. ಅವನು ತನಗೆ ಹೇಳಿದ ಕೆಲಸ ಮಾಡಿದ್ದ.

ಮಾಯವ್ವನ ಮದುವೆಗೆ ನಾನು ಹೋಗಲೇಬೇಕಾಯಿತು. ಮಾಳಪ್ಪ ಮೂರು ಸಲ ಬಂದು ಕರೆದಿದ್ದ. ಉಡಿ ತುಂಬುವಾಗ ದ್ಯಾಮವ್ವ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು, ಅರಿಷಿಣ ಬೇರು ಹಾಕಿದಳು. ಆಮೇಲೆ ಕೈ ಹಾಗೇ ನಿಂತಿತು. ಗಂಡಿನ ಕಡೆಯ ಒಬ್ಬ ಮುದುಕಿ, "ನಾಯಿ ಎಲ್ಲೈತ್ಬೇ?" ಎಂದು ಕೇಳಿದಳು. ಯಾರೋ ಅವಳ ಕಿವಿಯಲ್ಲಿ ಹೇಳಿದರು. ಮಾಯವ್ವ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದಳು. ನಾನು ಊಟ ಮಾಡದೆ ಬಂದೆ; ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಕರಿಯಾನಿಗೆ ಹೆಣ್ಣು ಹುಡುಕುವುದು ನನ್ನ ಕೆಲಸವೆಂದುಕೊಂಡೆ. ರಜೆಯ ದಿನಗಳಲ್ಲೆಲ್ಲ ಸೈಕಲ್ ಹತ್ತಿ ಹಟ್ಟಿಯಿಂದ ಹಟ್ಟಿಗೆ ತಿರುಗಿದೆ. ಕುಬಿಹಾಳದ ಕಡೆ ಒಬ್ಬ ಮುದುಕ ತನ್ನ ತಂದೆಯ ಕಾಲದಲ್ಲಿ ಇದ್ದವೆಂದ. ದುಮ್ಮವಾಡದ ಕಡೆ ಒಂದು ಹಟ್ಟಿಯಲ್ಲಿ ಬೂದಿ ಬಣ್ಣದ ಹೆಣ್ಣುನಾಯಿ ಕಂಡಿತು. ಓಡಿಹೋಗಿ ಹಿಂಗಾಲು ಹಿಡಿದು ನೋಡಿದೆ, ಹೆಚ್ಚಿನ ಉಗುರಿಲ್ಲ. ಅದು ಕೈಗೆ ಕಚ್ಚಿ ಬೊಗಳಿತು. ತೋಳಗಳು ಕಡಿಮೆಯಾದ ಮೇಲೆ ಯಾರೂ ಕುನ್ನಿಯನ್ನು ಕುರಿಗೆ ಹಚ್ಚುವ ಗೋಜಿಗೆ ಹೋಗಿರಲಿಲ್ಲ. ದ್ಯಾಮವ್ವನಲ್ಲಿದ್ದವೇ ಕೊನೆಯವು. ನಾನು ಕಂತ್ರಿ ಎಂದು ಬರೆದ ಏಳೇ.

ಕರಿಯಾ ಮೂರು ವರ್ಷ ಬದುಕಿತು. ಒಂದೇ ನಾಯಿ ನಾಲ್ಕು ಮೂಲೆಗೂ ತಿರುಗುತ್ತಿತ್ತು, ಸಂಜೆ ಯಾವ ಮೂಲೆಯಲ್ಲಿ ಮಲಗಬೇಕೆಂದು ತಿಳಿಯದೆ. ಒಂದು ಮಳೆಗಾಲದಲ್ಲಿ ಸತ್ತಿತು. ಕುರಿಮರಿಗಳನ್ನು ಹೂಳುವ ಕಡೆ, ಒಂದು ಹಿಡಿ ಉಣ್ಣೆ ಹಾಕಿ ಹೂಳಿದರು.

ಇಷ್ಟಾದರೂ ದ್ಯಾಮವ್ವ ನನ್ನನ್ನು ಮೊದಲಿನಂತೆಯೇ ಕರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು. ಪ್ರತಿ ಸಲ ಹೇಳಿಬಿಡಬೇಕೆಂದು ಹೋಗುತ್ತಿದ್ದೆ. ಪ್ರತಿ ಸಲ ಕುರಿಯ ಕಾಲುಬೇನೆಯ ಮಾತಾಡಿ ಬರುತ್ತಿದ್ದೆ. ಬರಬರುತ್ತ ಹೋಗುವುದನ್ನೇ ಕಡಿಮೆ ಮಾಡಿದೆ. ಬೂಟಿನ ಚೇಷ್ಟೆಯನ್ನೂ ಅವಳು ನಿಲ್ಲಿಸಿದ್ದಳು. ಅಥವಾ ನಾನೇ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದೆನೋ ಏನೋ.

ಐದು ವರ್ಷ ತುಂಬಿ ಮತ್ತೆ ಗಣತಿ ಬಂತು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಮುಂದಿನ ತಿಂಗಳು ನನಗೆ ವರ್ಗವಾಯಿತು, ಎರಡು ವರ್ಷದಲ್ಲಿ ಅವಳು ತೀರಿಕೊಂಡ ಸುದ್ದಿ ಬಂತು.

ಅಂದು ಅವಳು ಒಲೆಯ ಮುಂದೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾಳಪ್ಪ ಬೇಲಿಯ ಬಾಯಲ್ಲಿ ನಿಂತು ಕುರಿಗಳನ್ನು ಒಂದೊಂದಾಗಿ ಒಳಗೆ ಬಿಡುತ್ತ, ಬೆರಳು ಮಡಚಿ ಎಣಿಸುತ್ತಿದ್ದ. ನಾನು ಕುರಿ ಬರೆದುಕೊಂಡೆ, ಕತ್ತೆ ಬರೆದುಕೊಂಡೆ. ನಾಯಿಯ ಕಾಲಂಗೆ ಕೇಳದೆಯೇ ಸೊನ್ನೆ ಹಾಕಿ ವಹಿ ಮುಚ್ಚುವವನಿದ್ದೆ.

"ನಾಯಿ ಕೇಳಲೇ ಇಲ್ಲಲ್ರಿ?" ಎಂದಳು.

"ಈಗ ನಾಯಿ ಎಲ್ಲಿ ಅದಾವಬೇ?"

"ಬರಕೋರಿ. ಏಳು."

ಪೆನ್ನು ಹಿಡಿದು ಅವಳ ಮುಖ ನೋಡಿದೆ.

"ಹ್ವಾದ ಸಲ ನಾ ತಪ್ಪ ಹೇಳಿದ್ನಿ ಡಾಕ್ಟರಪ್ಪಾ. ಒಡ್ಯಾರು ಇಲ್ಲ, ಕುರಿಗೋಳ್ವು ಅಂದ್ನಿ. ನೀವು ಹೇಳಿದ್ದು ಹೇಳಿದಂಗ ಬರಕೊಂಡ್ರಿ. ಆಮ್ಯಾಲ ಪಂಚಾಯ್ತ್ಯಾಗ ಕೇಳಾಕ ಹೋದಾಗ ಓದಿ ಹೇಳಿದ್ರು, ನೀನಽ ಹಂಗ ಬರಸೀಯಂತ. ನನ್ನ ಬಾಯಿಂದ ಹ್ವಾದ್ವು ನೋಡ್ರಿ ಏಳೂ. ನಮ್ಮತ್ತಿ ಮಾತ ಕೇಳಿ ಕೆಟ್ಟೆ. ಈ ಸಲ ಸರಿ ಮಾಡಿ ಬರೀರಿ. ಏಳೂ ನನ್ನವು. ನನ್ನ ಹೆಸರ ಹಾಕ್ರಿ."

ಐದು ವರ್ಷ ಅವಳು ಇದನ್ನು ಹೊತ್ತುಕೊಂಡಿದ್ದಳು. ಕರಿಯಾನಿಗೆ ಹೆಣ್ಣು ಹುಡುಕಿ ನಾನು ಬೆವರುತ್ತಿದ್ದಾಗಲೂ, ಮಾಯವ್ವನ ಉಡಿ ತುಂಬುವಾಗ ಕೈ ನಿಂತಾಗಲೂ, ತಪ್ಪು ತನ್ನದೇ ಎಂದುಕೊಂಡಿದ್ದಳು. ಒಡೆಯರಿರುವ ನಾಯಿ ಎಂಬ ಕಾಲಂನಲ್ಲಿ ಏಳು ಎಂದು ಬರೆದೆ. ಅವಳ ಹೆಸರು ಬರೆದೆ. ಜಾತಿಯ ಕಡೆ ಕಂಬಳಿ ನಾಯಿ ಎಂದು ಬರೆದೆ. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಕೇಳಿದಳು. ಆ ಹಾಳೆಗೆ ಹೆಬ್ಬೆಟ್ಟು ಬೇಕಿರಲಿಲ್ಲ. ಏಳರ ಬಾಜುವಿನ ಖಾಲಿ ಜಾಗ ತೋರಿಸಿ, ಪೆನ್ನಿನ ಮಸಿ ಅವಳ ಬೆರಳಿಗೆ ಹಚ್ಚಿದೆ. ಗಟ್ಟಿಯಾಗಿ ಒತ್ತಿದಳು.

ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಎಲ್ಲಾ ತಿಳೀತ್ರಿ ನನಗ. ಒಂದು ಮಾತ್ರ ಇನ್ನೂ ತಿಳೀವಲ್ದು," ಎಂದಳು. "ಹೊರಗಿನವ್ರ ಕೈಯಾಗಿಂದು ಹೆಂಗ ತಿಂದುವು?"

ಈಗ ಹೇಳಬೇಕೆಂದುಕೊಂಡೆ. ವಹಿ ಮುಚ್ಚಿದೆ.

"ಗೊತ್ತಿಲ್ಲಬೇ," ಎಂದೆ.

"ಇರ್ಲಿ ಬಿಡ್ರಿ. ನಿಮಗಾದ್ರೂ ಹೆಂಗ ಗೊತ್ತಿರಬೇಕು," ಎಂದು ಅವಳು ಒಲೆಯ ಮೇಲಿನ ಚಹಾ ಬಸಿದು, ಕಪ್ಪನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಎಂದಿನಂತೆ ಕುರಿ ಹಾಲಿನ ಚಹಾ. ನಾನು ಪೂರ್ತಿ ಕುಡಿದೆ.